ಕುಣಿಗಲ್ ಕುದುರೆ, ಗುಬ್ಬಿ ಗಾಡಿ

ನಮ್ಮದು ಗುಬ್ಬಿ ಹತ್ತಿರದ ಹಳ್ಳಿ. ತೋಟದ ಪಂಪಿಗೆ ತ್ರೀಫೇಸ್ ಕರೆಂಟ್ ಬರುತ್ತಿದ್ದದ್ದೇ ನಡುರಾತ್ರಿ. ಅಪ್ಪ ಟಾರ್ಚ್ ಹಿಡಿದು ಹೊರಟರೆ ವಾಪಸ್ ಬರುವವರೆಗೂ ಅಮ್ಮನಿಗೆ ನಿದ್ದೆಯಿಲ್ಲ. ಹಾವಿಗಿಂತ ಚಿರತೆಯದೇ ಭಯ. ಅದಕ್ಕೇ ಕೊನೇ ವರ್ಷದ ಪ್ರಾಜೆಕ್ಟಿಗೆ, ಮೆಸೇಜ್ ಕಳಿಸಿದರೆ ಮೋಟಾರ್ ಆನ್ ಆಗುವ ಸಾಧನ ಮಾಡಲು ಹೊರಟೆ.

ತುಮಕೂರಿನ ಲ್ಯಾಬಿನಲ್ಲಿ ಸೀನಿಯರ್‌ಗಳು ಬಿಟ್ಟುಹೋಗಿದ್ದ ಜಿಎಸ್‌ಎಂ ಮೋಡೆಮ್ಮನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದೆವು. ಸ್ವಿಚ್ ಹಾಕಿದರೆ ಪರದೆ ಮೇಲೆ ನಾಲ್ಕು ಸೊಟ್ಟ ಚಿಹ್ನೆ. 'ಎಟಿ' ಎಂದರೆ 'ಓಕೆ' ಎನ್ನಬೇಕಾದದ್ದು ಗಪ್‌ಚುಪ್. ಕೇಬಲ್ ಬದಲಿಸಿದೆವು, ಸಿಮ್ ತೆಗೆದು ಒರೆಸಿದೆವು (ಏಕೆಂದು ಕೇಳಬೇಡಿ, ಎಲ್ಲರೂ ಒರೆಸುತ್ತಾರೆ). ವೇಗ ನೋಡಲು 'ಎಸ್‌ಟಿಟಿವೈ' ಎಂದು ಕೊಟ್ಟೆ, 38400 ಎಂದಿತು. ಪೋರ್ಟನ್ನೂ ಮೋಡೆಮ್ಮನ್ನೂ ಅದೇ ವೇಗಕ್ಕೆ ತರಲು ಮಧ್ಯಾಹ್ನವೆಲ್ಲ ಹೆಣಗಾಡಿದೆ. ಬೆಳಗಾದರೆ ಡೆಮೊ.

ಕುಣಿಗಲ್ ಗೆಳೆಯ ಬಂದು ನಕ್ಕ. "ಅದು ನಿನ್ನ ಪರದೆಯ ಲೆಕ್ಕ ಕಣೋ. ಪೋರ್ಟಿನ ಹೆಸರು ಸೇರಿಸಿ ಕೇಳು." ಕೇಳಿದರೆ ಪೋರ್ಟ್ 9600ರಲ್ಲೇ ಇತ್ತು. ಒಂದೊಂದೇ ವೇಗ ಹಾಕಿ, ಪ್ರತಿ ಸಲವೂ ಮೋಡೆಮ್ ಆರಿಸಿ ಹಚ್ಚಿ ನೋಡಿದೆವು. 115200ಕ್ಕೆ ಅಕ್ಷರ ಶುದ್ಧವಾಯಿತು. ಸೀನಿಯರ್‌ಗಳು ಅದೇ ವೇಗಕ್ಕೆ ಕಟ್ಟಿಹಾಕಿದ್ದರು! ನಮ್ಮ ಪೋರ್ಟ್ ಒಂದು ಬಿಟ್ ಓದುವಷ್ಟರಲ್ಲಿ ಮೋಡೆಮ್ ಹನ್ನೆರಡು ದಾಟಿಸುತ್ತಿತ್ತು; ಇಡೀ ಒಂದು ಅಕ್ಷರಕ್ಕೆ ಬೇಕಾದದ್ದೇ ಹತ್ತು.

"ನಮ್ಮೂರ ಕುದುರೆಗೆ ನಿಮ್ಮೂರ ಎತ್ತಿನಗಾಡಿ ಕಟ್ಟಿದ್ದೆಯಲ್ಲ" ಅಂದ.

ರಾತ್ರಿ ಎಂಟಕ್ಕೆ ಮೊದಲ ಮೆಸೇಜ್ ಅಪ್ಪನಿಗೇ ಕಳಿಸಿದೆ: 'ಮೋಟಾರ್ ಆನ್'. ತಕ್ಷಣ ಫೋನ್ ಬಂತು.

"ಕರೆಂಟೇ ಇಲ್ವಲ್ಲೋ ಮಗಾ, ಯಾವ ಮೋಟಾರು?"