ಒಂದೇ ಈಡಿನ ಬಂದೂಕು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡಿದ ಮೇಲೆ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳದೆ ಹೋಗುವುದಿಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. ಅದನ್ನು ಇಲ್ಲಿಯವರೆಗೆ ಎಳೆದು ತರಲು 400 ಎತ್ತು, 10 ಆನೆ ಬೇಕಾದವಂತೆ. ಎಷ್ಟು ದೊಡ್ಡದಾದರೂ ಅದು ಕೆಲಸ ಮಾಡುವ ರೀತಿ ಸರಳ: ಬಾಯಿಯಿಂದ ಮದ್ದು ಸುರಿ, ಗುಂಡು ತಳ್ಳು, ಹಿಂದಿನ ಕಿಂಡಿಗೆ ಕಿಡಿ ಮುಟ್ಟಿಸು. ಇದೇ ವಂಶದ ಒಂದು ಸಣ್ಣ ಕುಡಿ ತಿಕೋಟಾ ಹತ್ತಿರದ ನಮ್ಮ ಮನೆಯ ಪಡಸಾಲೆಯಲ್ಲಿ ಗೂಟಕ್ಕೆ ನೇತುಬಿದ್ದಿತ್ತು. ಅಜ್ಜನ ಬಂದೂಕು.

ಹೋದ ವರ್ಷ ಅಜ್ಜ ತೀರಿಕೊಂಡ. ಬೆಳೆ ಕಾಯಲೆಂದು ಕೊಟ್ಟಿದ್ದ ಪರವಾನಗಿ ಅವನ ಹೆಸರಿನಲ್ಲಿತ್ತು. ವಾರಸುದಾರರು ಹೊಸ ಪರವಾನಗಿಗೆ ಅರ್ಜಿ ಹಾಕಬೇಕು, ಇಲ್ಲವೇ ಬಂದೂಕು ಒಪ್ಪಿಸಬೇಕು. ‘ಮನೀ ಮರ್ಯಾದಿ ಅದು, ಬಿಡೂದಿಲ್ಲ’ ಅಂತ ಕಾಕಾ. ‘ಹೊಡಿಯೂದ ಇಲ್ಲ ಅಂದ ಮ್ಯಾಲ ಯಾಕ ಬೇಕದು’ ಅಂತ ಅಪ್ಪ. ವಿಜಯಪುರದಲ್ಲಿ ಕಾಲೇಜು ಓದುವ ನನಗೆ ಕಾಗದಪತ್ರದ ಕೆಲಸ ಬಂತು. ಅಣ್ಣ-ತಮ್ಮ ಇಬ್ಬರೂ ಮಾತು ಬಿಟ್ಟಿದ್ದರಿಂದ ಸಂದೇಶ ಒಯ್ಯುವ ಕೆಲಸವೂ ನನ್ನದೇ ಆಯಿತು.

ಈ ಬಂದೂಕಿನ ಕಷ್ಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿ ಮದ್ದನ್ನು ನಳಿಗೆಯ ಬಾಯಿಗೆ ಸುರಿಯಬೇಕು. ಮೇಲೆ ಅರಿವೆ ಚೂರು, ಆಮೇಲೆ ಸೀಸದ ಗುಂಡು, ಮತ್ತೆ ಅರಿವೆ. ಪ್ರತಿ ಸಲವೂ ಗಜದಿಂದ ಜಡಿಯಬೇಕು. ಗಜ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಂತಿತು ಎನ್ನುವುದರ ಮೇಲೆ ಅಜ್ಜ ಈಡಿನ ಲೆಕ್ಕ ಹಿಡಿಯುತ್ತಿದ್ದ. ಕೊನೆಗೆ ಕುದುರೆ ಎತ್ತಿ, ಅದರ ಕೆಳಗಿನ ಮೊಳೆಗೆ ತಾಮ್ರದ ಕೇಪು ಕೂರಿಸಬೇಕು. ಹನಿ ಮಳೆ ಬಿದ್ದು ಮದ್ದು ನೆನೆದರೆ ‘ಟುಸ್’. ಹಾರಿದರೂ ಕಣ್ಣ ಮುಂದೆ ಬಿಳಿ ಹೊಗೆ. ತಗುಲಿತೋ ಇಲ್ಲವೋ ಹೊಗೆ ಸರಿದ ಮೇಲೆಯೇ ಗೊತ್ತು. ಎರಡನೇ ಅವಕಾಶವಿಲ್ಲ. ನಮ್ಮ ಕಡೆಯ ಚಿಗರಿ, ಅಂದರೆ ಕೃಷ್ಣಮೃಗ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುತ್ತದೆ. ಮತ್ತೆ ಈಡು ತುಂಬುವಷ್ಟರಲ್ಲಿ ಅದು ಪಕ್ಕದೂರು ಸೇರಿರುತ್ತದೆ.

ಅಮೆರಿಕದ ಕೊಲೊರಾಡೊದಲ್ಲಿ ಇಂಥ ಬಂದೂಕಿಗೆಂದೇ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ಬೇಟೆ ಋತು ಇದೆ. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆ ಅದು. ಬಂದೂಕಿಗೆ ದುರ್ಬೀನು ಕೂರಿಸುವಂತಿಲ್ಲ. ಹೊಡೆದ ಮೇಲೆ ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಅಪರಾಧ. ಗಂಡು ಎಲ್ಕ್ 300 ಕಿಲೊ ದಾಟುವುದರಿಂದ ತೊಡೆ, ಭುಜ ಬೇರೆ ಮಾಡಿ ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಅಜ್ಜ ಬದುಕಿದ್ದಾಗ ಇಂಥದೊಂದು ವಿಡಿಯೊ ಮೊಬೈಲಿನಲ್ಲಿ ತೋರಿಸಿದ್ದೆ. ಪೂರ್ತಿ ನೋಡಿ, ‘ಹೊಡಿಯೂದು ಹಗುರ, ಹೊರೂದು ಭಾರ. ಅವರಿಗೂ ಗೊತ್ತೈತಲ್ಲ’ ಎಂದ.

ಅವನಿಗೆ ಗೊತ್ತಿದ್ದದ್ದು ಡೋಣಿ ದಂಡೆಯ ಎರೆ ಹೊಲ. ಬಬಲೇಶ್ವರ ಕಡೆಯ ಸಾರವಾಡದ ಆಚೆ, ಪ್ರಾಯದಲ್ಲಿದ್ದಾಗ, ಜೋಳದ ಬೆಳೆಗೆ ಬಿದ್ದ ಕಾಡುಹಂದಿಯನ್ನು ರಾತ್ರಿ ಹೊಡೆದಿದ್ದರಂತೆ. ಹಸಿ ಎರೆ ಮಣ್ಣು ಎಂದರೆ ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಅಂಟುವ ಮಣ್ಣು. ಬಂಡಿ ಬರುವಂತಿರಲಿಲ್ಲ. ಅಲ್ಲೇ ಕರುಳು ತೆಗೆದು, ತುಂಡು ಮಾಡಿ, ಗೋಣಿಚೀಲಕ್ಕೆ ತುಂಬಿ ನಾಲ್ವರು ಹೊತ್ತರು. ಬಿಸಿಲು ಏರಿದರೆ ಖಂಡ ಕೆಡುತ್ತದೆಂದು ನಡುವೆ ಕೂರದೆ ನಡೆದರು. ಊರಿಗೆ ಬಂದು ಪಾಲು ಹಾಕುವಾಗ ಈಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ಹೊತ್ತವರಿಗೆಲ್ಲ ಸಮ. ಹೊರದ ಗೌಡರ ಮನೆಗೂ ಒಂದು ಪಾಲು ಹೋಗುತ್ತಿತ್ತು. ಅದನ್ನು ಹೇಳುವಾಗ ಮಾತ್ರ ಅಜ್ಜನ ದನಿ ಬದಲಾಗುತ್ತಿತ್ತು.

1972 ಎಂದರೆ ಅಜ್ಜನಿಗೆ ನೆನಪಾಗುತ್ತಿದ್ದುದು ಬರಗಾಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಚಿಗರಿ ಈಗ ಆ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಇದೇ ಪ್ರಾಣಿಯ ಕೇಸಿನಲ್ಲಿ ಸಲ್ಮಾನ್ ಖಾನ್ ಜೋಧಪುರದ ಕೋರ್ಟು ಅಲೆದದ್ದು ನಮಗೆಲ್ಲ ಗೊತ್ತು. ಅಜ್ಜನ ಬಂದೂಕು ಆಮೇಲೆ ಗಾಳಿಯಲ್ಲಿ ಸದ್ದು ಮಾಡಿ ಹಕ್ಕಿ, ಹಂದಿ ಬೆದರಿಸಲಷ್ಟೇ ಉಳಿಯಿತು. ಚುನಾವಣೆ ಬಂದಾಗಲೆಲ್ಲ ಚಾದರದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಮರಳಿ ತರುತ್ತಿದ್ದ.

ಕಾಕಾನ ಹಟ ಬರೀ ಹಟವಲ್ಲ. ನಮ್ಮದು ತಳವಾರಿಕೆಯ ಮನೆತನ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ಒಪ್ಪದೆ ಹಲಗಲಿಯ ಬೇಡರು ತಿರುಗಿಬಿದ್ದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿ ಕೇಳುತ್ತ ಬೆಳೆದವನಿಗೆ ‘ಹತಾರ ಒಪ್ಪಿಸು’ ಎನ್ನುವ ಮಾತು ಸುಮ್ಮನೆ ಕೇಳಿಸುವುದಿಲ್ಲ. ಆದರೆ ಹಲಗಲಿಯವರಿಗೆ ಬಂದೂಕು ಅನ್ನವಾಗಿತ್ತು. ನಮಗೆ ಅನ್ನ ಕೊಡುತ್ತಿರುವುದು ದ್ರಾಕ್ಷಿ, ತೊಗರಿ, ಕಡಲೆ. ಇದನ್ನು ಕಾಕಾನಿಗೆ ಹೇಳಿದೆ. ‘ಓದಿದವರು ಹಿಂಗ ಮಾತಾಡ್ತಾರ’ ಎಂದ. ಎರಡು ವಾರ ಸುಮ್ಮನಿದ್ದು ಕಾಗದಕ್ಕೆ ಸಹಿ ಹಾಕಿದ. ಒಪ್ಪಿಸುವ ದಿನ ನಳಿಗೆಗೆ ಎಣ್ಣೆ ಹಚ್ಚಿ ಒರೆಸಿದವನೂ ಅವನೇ.

ಇನ್ನು ಚಿಗರಿಗಳ ವಿಷಯ. ಏತ ನೀರಾವರಿಯ ನೀರು ಬಂದ ಮೇಲೆ ನಮ್ಮ ಕಡೆ ಬೀಳು ಹೊಲ, ಹುಲ್ಲುಗಾವಲೆಲ್ಲ ದ್ರಾಕ್ಷಿ ತೋಟವಾಗಿವೆ, ತೋಟಕ್ಕೆಲ್ಲ ತಂತಿ ಬೇಲಿ ಬಂದಿದೆ. ರಾಣೆಬೆನ್ನೂರಿನಲ್ಲಿ ಅವಕ್ಕೆಂದೇ 1974ರಿಂದ ಅಭಯಾರಣ್ಯವಿದೆ. ತಿಕೋಟಾದಲ್ಲಿ ಇರುವುದು ಬೇಲಿಯಿಲ್ಲದ ನಮ್ಮಂಥವರ ಹೊಲ ಮಾತ್ರ. ಮೊಳಕೆ ಕಡಲೆ ಅವಕ್ಕೆ ಬಲು ಇಷ್ಟ. ಪರಿಹಾರದ ಅರ್ಜಿ ಹಾಕಬಹುದು, ನಾನೇ ಬರೆದುಕೊಟ್ಟಿದ್ದೇನೆ. ಆದರೆ ತಿಂದ ಬೆಳೆ ಆ ಹಂಗಾಮಿಗೆ ಹೋದ ಹಾಗೆಯೇ. ಊರಲ್ಲೀಗ ಗೂಟ ನೆಟ್ಟು ಹಳೆ ಸೀರೆ ಕಟ್ಟುತ್ತಾರೆ. ಗಾಳಿಗೆ ಪಟಪಟ ಹಾರುವ ಬಣ್ಣಕ್ಕೆ ಚಿಗರಿಗಳು ಸ್ವಲ್ಪ ದಿನ ಹೆದರುತ್ತವೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದ. ರಾತ್ರಿ ಹನ್ನೊಂದು ಚಿಗರಿ ಬಂದಿದ್ದವಂತೆ, ಒಂದರ ಜೊತೆ ಮರಿಯೂ ಇತ್ತಂತೆ. ಶನಿವಾರ ಊರಿಗೆ ಬರುವಾಗ ವಿಜಯಪುರದ ಸಂತೆಯಿಂದ ಇಪ್ಪತ್ತು ಹಳೆ ಸೀರೆ ತರಬೇಕಂತೆ, ಕೆಂಪು, ಹಳದಿ ಜಾಸ್ತಿ ಇರಲಿ ಎಂದ.