ಕುಮಟೆಗೆ ಹತ್ತಿ ಇಳಿದ ದಾರಿ

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ದೇವಿಮನೆ ಘಟ್ಟ ಇಳಿಯುವಾಗ ಪಕ್ಕದಲ್ಲಿದ್ದ ಮೊಮ್ಮಗಳು ಹೊಟ್ಟೆ ತೊಳಸುತ್ತದೆಂದು ಮುಖ ಸಣ್ಣ ಮಾಡಿದಳು. ಬಾಯಿಗೊಂದು ಪೆಪ್ಪರಮೆಂಟು ಕೊಟ್ಟು ಕಥೆ ಶುರುಮಾಡಿದೆ.

"ಪುಟ್ಟಿ, ನೂರೈವತ್ತು ವರ್ಷದ ಹಿಂದೆ ಈ ಘಟ್ಟದಲ್ಲಿ ಹತ್ತಿ ಇಳಿಯುತ್ತಿತ್ತು. ಬೆಳೆದದ್ದು ಧಾರವಾಡದ ಕಡೆಯ ಎರೆ ಹೊಲದಲ್ಲಿ. ಎತ್ತಿನ ಮೇಲೆ, ಗಾಡಿಯಲ್ಲಿ ಕುಮಟೆ ಬಂದರಿಗೆ. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಪೇಟೆಯಲ್ಲಿ ಅದರ ಹೆಸರು ಮಾತ್ರ 'ಕುಮಟಾ ಹತ್ತಿ'!"

"ಬೆಳೆದವರಿಗೆ ಸಿಟ್ಟು ಬರಲಿಲ್ಲವಾ ಅಜ್ಜ?"

ನನಗೆ ಉತ್ತರ ಹೊಳೆಯಲಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾದಾಗ ನಮ್ಮ ಹತ್ತಿಗೆ ಬೆಲೆ ಏರಿತು. ಮರುವರ್ಷ ಉತ್ತರ ಕನ್ನಡವೇ ಮದ್ರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲೆ ರೈಲು ಬಂತು. ಹತ್ತಿ ಗೋವೆಯ ಮುರಗಾಂವದ ದಾರಿ ಹಿಡಿಯಿತು.

ಮೊನ್ನೆ ಮೊನ್ನೆಯವರೆಗೆ ರಾಜ್ಯ ಹೆದ್ದಾರಿಯಾಗಿದ್ದದ್ದು ಈಗ ರಾಷ್ಟ್ರೀಯ ಹೆದ್ದಾರಿ 766ಇ. ಅಗಲ ಮಾಡುವ ಭರದಲ್ಲಿ ನಾನು ಕಣ್ಣುಮುಚ್ಚಿ ಎಣಿಸುತ್ತಿದ್ದ ತಿರುವುಗಳ ಗುರುತೇ ಸಿಗುತ್ತಿಲ್ಲ. ಅಗಲವಾದರೆ ಒಳ್ಳೆಯದೇ, ಆದರೂ ಹೊಟ್ಟೆಯಲ್ಲಿ ಏನೋ ಸಂಕಟ.

ಕತಗಾಲ ಬಂತು. ಪುಟ್ಟಿ ಗೆಲುವಾಗಿದ್ದಳು.

"ಅಜ್ಜ, ವಾಪಸು ಹೋಗುವಾಗ ಎತ್ತುಗಳು ಖಾಲಿ ಬೆನ್ನಲ್ಲಿ ಹೋಗುತ್ತಿದ್ದವಾ?"

"ಇಲ್ಲ ಮಗಾ, ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದವು."