ಸೆನ್ಸರಿ ಆಟಿಕೆ: ಯಾವ ಗದ್ದೆಗೆ ಎಷ್ಟು ನೀರು?

"ಮಗನಿಗೆ ಸೆನ್ಸರಿ ಇಶ್ಯೂ ಇದೆ ಅಂತ ಹೇಳಿದ್ದಾರೆ. ಯಾವ ಸೆನ್ಸರಿ ಆಟಿಕೆ ತಂದರೆ ಒಳ್ಳೆಯದು?" ಮಕ್ಕಳ ಬೆಳವಣಿಗೆಯ ಬಗ್ಗೆ ಬರೆಯುವವರಿಗೆ ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಕೊಡಲು ಅಂಗಡಿಗಳು ತುದಿಗಾಲಲ್ಲಿ ನಿಂತಿವೆ. ಗುಳ್ಳೆ ಒತ್ತುವ ಪಾಪ್‌ಇಟ್, ಬೆರಳ ತುದಿಯಲ್ಲಿ ತಿರುಗುವ ಸ್ಪಿನ್ನರ್, ಮೈತುಂಬ ಮುಳ್ಳಿರುವ ರಬ್ಬರ್ ಚೆಂಡು, ಬಣ್ಣ ಬದಲಿಸುವ ದೀಪ, ಭಾರದ ಹೊದಿಕೆ: ಎಲ್ಲದರ ಡಬ್ಬದ ಮೇಲೂ ಒಂದೇ ಭರವಸೆ. ಮಗು ಶಾಂತವಾಗುತ್ತದೆ, ಗಮನ ಹೆಚ್ಚುತ್ತದೆ. ಸೋಫಾದಿಂದ ಸೋಫಾಕ್ಕೆ ಜಿಗಿಯುವ ಮಗುವಿಗೂ ಅದೇ ಮಾತು, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಮಗುವಿಗೂ ಅದೇ ಮಾತು. ಈ ಇಬ್ಬರಿಗೆ ಒಂದೇ ಆಟಿಕೆ ಒದಗುವುದು ಹೇಗೆ ಎಂದು ಡಬ್ಬ ಹೇಳುವುದಿಲ್ಲ.

ಕೆರೆಯ ಕೆಳಗೆ ಗದ್ದೆ ಮಾಡಿದ ಊರುಗಳಲ್ಲಿ ನೀರಗಂಟಿ ಎಂಬವನಿದ್ದ. ತೂಬು ಎತ್ತುವವನೂ ಇಳಿಸುವವನೂ ಅವನೇ. ಕೆರೆ ತುಂಬಿತೆಂದು ಬೆಳೆ ಬರುವುದಿಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವ ಕಾಲುವೆಗೆ ಯಾವಾಗ ಅಡ್ಡ ಕಟ್ಟಬೇಕು ಎಂಬ ಅವನ ಲೆಕ್ಕದ ಮೇಲೆ ಬೆಳೆ ನಿಂತಿತ್ತು. ಮೆದುಳಿಗೂ ಇಂಥ ಕೆಲಸವಿದೆ. ಚರ್ಮ, ಕಿವಿ, ಕಣ್ಣು, ಸ್ನಾಯು, ಕೀಲುಗಳಿಂದ ಸುದ್ದಿ ಎಡೆಬಿಡದೆ ಹರಿದು ಬರುತ್ತದೆ. ಬೆಳಿಗ್ಗೆ ತೊಟ್ಟ ಅಂಗಿಯ ಕಾಲರು ಸ್ವಲ್ಪ ಹೊತ್ತಿಗೆ ಮರೆತೇಹೋಗುತ್ತದೆ. ಕಾಲರು ಕತ್ತಿಗೆ ತಾಗುತ್ತಲೇ ಇದೆ, ತೂಬು ಮಾತ್ರ ಇಳಿದಿದೆ. ಹೊಸದಲ್ಲದ, ಅಪಾಯವಿಲ್ಲದ ಸುದ್ದಿಗೆ ನೀರು ಕಡಿಮೆ. ಹೆಸರು ಹಿಡಿದು ಯಾರಾದರೂ ಕೂಗಿದರೆ ಕೂಡಲೇ ಪೂರ್ತಿ ನೀರು. ಮೆದುಳಿನಲ್ಲಿ ಈ ಕೆಲಸಕ್ಕೆ ಒಬ್ಬನೇ ಆಳಿಲ್ಲ. ಥಾಲಮಸ್, ಕಾರ್ಟೆಕ್ಸ್, ಭಯವನ್ನು ಅಳೆಯುವ ಅಮಿಗ್ಡಲ ಎಲ್ಲವೂ ಒಂದೊಂದು ಕೈ ಹಾಕುತ್ತವೆ.

ಕೆಲವು ಮಕ್ಕಳಲ್ಲಿ ತೂಬು ಬೇಗ ಇಳಿಯುವುದಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಆಟಿಸಂ ಇರುವ ಮಕ್ಕಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಒರಟು ಉಣ್ಣೆಯನ್ನು ಮೈಗೆ ಸವರುತ್ತ ವಾಹನಗಳ ಗದ್ದಲ ಕೇಳಿಸಿತು. ಸಾಮಾನ್ಯವಾಗಿ ಕೆಲವು ಸಲದ ನಂತರ ಅಮಿಗ್ಡಲ ತಣ್ಣಗಾಗುತ್ತದೆ. ಸ್ಪರ್ಶ, ಸದ್ದುಗಳಿಗೆ ಅತಿಯಾಗಿ ಪ್ರತಿಕ್ರಿಯಿಸುವ ಮಕ್ಕಳಲ್ಲಿ ಅದು ಹಾಗೆ ತಣ್ಣಗಾಗಲಿಲ್ಲ. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದ ಮೇಲೆ, ಅಂಗಿಯ ಲೇಬಲ್ ಚುಚ್ಚುತ್ತದೆ ಎಂದು ಅಳುವ ಮಗುವನ್ನು "ನಾಟಕ" ಎಂದು ಗದರುವುದು ಕಷ್ಟ.

ಇನ್ನು ಕೆಲವರಲ್ಲಿ ತೂಬು ಸರಿಯಾಗಿ ಏಳುವುದೇ ಇಲ್ಲ. ಮೊಣಕಾಲು ತರಚಿದ್ದು ಗೊತ್ತಾಗುವುದಿಲ್ಲ, ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆಯುತ್ತಾರೆ, ಗಿರಗಿರನೆ ಸುತ್ತಿದರೂ ತಲೆ ತಿರುಗುವುದಿಲ್ಲ, ಅಂಗಿಯ ತೋಳು ಕಚ್ಚಿ ಹರಿಯುತ್ತಾರೆ. ತಂದೆತಾಯಂದಿರನ್ನು ಕಂಗೆಡಿಸುವುದು ಮುಂದಿನ ಮಾತು: ಈ ಎರಡೂ ಒಂದೇ ಮಗುವಿನಲ್ಲಿ ಇರಬಹುದು. ಸದ್ದಿನ ಗದ್ದೆಯಲ್ಲಿ ನೀರು ಬದು ಮೀರಿ ನಿಂತಿರುತ್ತದೆ, ಸ್ನಾಯುಗಳ ಗದ್ದೆ ಬಿರುಕು ಬಿಟ್ಟಿರುತ್ತದೆ. ಅಂಥ ಮಗುವಿಗೆ ಹಾಡು ಹೇಳುತ್ತ ದೀಪ ಮಿನುಗಿಸುವ ಆಟಿಕೆ ತಂದರೆ ತುಂಬಿದ ಗದ್ದೆಗೇ ಇನ್ನಷ್ಟು ನೀರು ಬಿಟ್ಟಂತೆ.

ಸ್ನಾಯುಗಳ ಗದ್ದೆ ಎಂದಾಗ ಹುಬ್ಬೇರಬಹುದು. ಶಾಲೆಯಲ್ಲಿ ಕಲಿತದ್ದು ಪಂಚೇಂದ್ರಿಯ. ಆಟಿಕೆಯ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಆ ಪಟ್ಟಿಯಲ್ಲಿಲ್ಲದ ಎರಡು. ಒಂದು, ಒಳಗಿವಿಯಲ್ಲಿರುವ ಸಮತೋಲನದ ಇಂದ್ರಿಯ. ಮೂರು ಅರ್ಧವೃತ್ತದ ನಾಳಗಳಲ್ಲಿನ ದ್ರವ ಅಲುಗಿದಾಗ ತಲೆ ಯಾವ ಕಡೆ ತಿರುಗಿತು ಎಂದು ಅದು ಹೇಳುತ್ತದೆ. ಇನ್ನೊಂದು, ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿವೆ ಎಂದು ತಿಳಿಸುವ ಪ್ರೊಪ್ರಿಯೊಸೆಪ್ಶನ್. ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇಟ್ಟ ಹೆಸರು ಅದು. ಅದಿಲ್ಲದೆ ಬದುಕುವುದು ಹೇಗಿರುತ್ತದೆ ಎಂಬುದಕ್ಕೆ ಇಯಾನ್ ವಾಟರ್‌ಮನ್ ಉದಾಹರಣೆ. 1971ರಲ್ಲಿ, 19ನೇ ವಯಸ್ಸಿನಲ್ಲಿ, ಜ್ವರದಂತೆ ಬಂದ ಕಾಯಿಲೆಯೊಂದು ಕತ್ತಿನಿಂದ ಕೆಳಗಿನ ಸ್ಪರ್ಶವನ್ನೂ ಈ ಇಂದ್ರಿಯವನ್ನೂ ಕಸಿದುಕೊಂಡಿತು. ಸ್ನಾಯುಗಳಲ್ಲಿ ಶಕ್ತಿಯಿತ್ತು, ಆದರೆ ಕಣ್ಣಿಟ್ಟು ನೋಡದಿದ್ದರೆ ಕೈ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತ ಅವರು ನಡೆಯುವುದನ್ನು ಹೊಸದಾಗಿ ಕಲಿತರು. ದೀಪ ಆರಿದರೆ ಕುಸಿದು ಬೀಳುತ್ತಿದ್ದರು.

ಈ ಮರೆತ ಇಂದ್ರಿಯಗಳನ್ನು ಮಕ್ಕಳ ಕಲಿಕೆಯೊಂದಿಗೆ ಜೋಡಿಸಿದವರು ಎ. ಜೀನ್ ಏರ್ಸ್. 1920ರಲ್ಲಿ ಕ್ಯಾಲಿಫೋರ್ನಿಯಾದ ವೈಸೇಲಿಯಾದಲ್ಲಿ ಹುಟ್ಟಿದ ಇವರು ಮೊದಲು ಆಕ್ಯುಪೇಶನಲ್ ಥೆರಪಿಸ್ಟ್, ಆಮೇಲೆ ಶಿಕ್ಷಣ ಮನಶ್ಶಾಸ್ತ್ರಜ್ಞೆ. ಓದುಬರಹದಲ್ಲಿ ಹಿಂದುಳಿದ ಮಕ್ಕಳನ್ನು ನೋಡುತ್ತ, ತೊಂದರೆ ಅಕ್ಷರದಲ್ಲಿಲ್ಲ, ಮೈಯಿಂದ ಬರುವ ಸುದ್ದಿಗಳನ್ನು ಮೆದುಳು ಹೊಂದಿಸಿಕೊಳ್ಳುವ ರೀತಿಯಲ್ಲಿದೆ ಎಂಬ ಊಹೆಗೆ ಬಂದರು. 1972ರ ಪುಸ್ತಕದಲ್ಲಿ ಅದನ್ನು ಸಿದ್ಧಾಂತವಾಗಿ ಮಂಡಿಸಿದರು. ಅವರ ಚಿಕಿತ್ಸೆಯ ಕೋಣೆಯಲ್ಲಿ ತೂಗುವ ಜೋಲಿಗಳಿದ್ದವು, ಹೊಟ್ಟೆ ಮೇಲೆ ಮಲಗಿ ಕೈಯಿಂದ ತಳ್ಳಿಕೊಂಡು ಹೋಗುವ ಚಕ್ರದ ಹಲಗೆಗಳಿದ್ದವು. ಯಾವುದನ್ನು ಹತ್ತಬೇಕು, ಯಾವಾಗ ಇಳಿಯಬೇಕು ಎಂಬುದರಲ್ಲಿ ಮಗುವೇ ಮುಂದೆ, ಚಿಕಿತ್ಸಕಿ ಹಿಂದೆ. ಇವತ್ತು "ಸೆನ್ಸರಿ" ಎಂದು ಮಾರಾಟವಾಗುವ ಹೆಚ್ಚಿನದೆಲ್ಲ ಈ ಕೋಣೆಯ ದೂರದ ಸಂತಾನ. ಮಗು ಮುಂದಿರಬೇಕು ಎಂಬ ಷರತ್ತು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಸಿದ್ಧಾಂತಕ್ಕೆ ವೈದ್ಯಲೋಕದ ಪೂರ್ತಿ ಒಪ್ಪಿಗೆ ಸಿಕ್ಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಸಂವೇದನಾ ಸಂಸ್ಕರಣೆಯ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸುವುದು ಸಾಮಾನ್ಯವಾಗಿ ಬೇಡ ಎಂದಿತು. ಮರುವರ್ಷ ಬಂದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5 ಕೂಡ ಅದಕ್ಕೆ ಬೇರೆ ಹೆಸರು ಕೊಡಲಿಲ್ಲ, ಆದರೆ ಅದನ್ನು ಆಟಿಸಂನ ಲಕ್ಷಣಗಳಲ್ಲಿ ಮೊದಲ ಬಾರಿಗೆ ಸೇರಿಸಿತು. ಚಿಕಿತ್ಸೆಯ ಫಲವೂ ಮಿಶ್ರ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ 138 ಆಟಿಸಂ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏರ್ಸ್ ಮಾದರಿಯ ಚಿಕಿತ್ಸೆ ಪಡೆದವರ ಸಿಡಿಮಿಡಿ ಮಾಮೂಲಿ ಆರೈಕೆ ಪಡೆದವರಿಗಿಂತ ಕಡಿಮೆಯೇನೂ ಆಗಲಿಲ್ಲ. ಥೆರಪಿಸ್ಟರ ಕೈಯಲ್ಲೇ ಹೀಗಿರುವಾಗ ಒಂದು ರಬ್ಬರ್ ತುಂಡು ಪವಾಡ ಮಾಡುತ್ತದೆ ಎಂಬ ಜಾಹೀರಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಆದರೆ ಕಾಯಿಲೆಯ ಹೆಸರಿನ ಬಗ್ಗೆ ಜಗಳವಿದೆಯೆಂದು ಮಗುವಿನ ಕಷ್ಟ ಸುಳ್ಳಾಗುವುದಿಲ್ಲ.

ಭಾರದ ಹೊದಿಕೆಯ ಕತೆಯಲ್ಲಿ ಇದೆಲ್ಲ ಚೆನ್ನಾಗಿ ಕಾಣುತ್ತದೆ. ಟೆಂಪಲ್ ಗ್ರಾಂಡಿನ್ ಆಟಿಸಂ ಇರುವ ಪಶುವಿಜ್ಞಾನಿ. ಹದಿಹರೆಯದಲ್ಲಿ ಅರಿಜೋನಾದ ಚಿಕ್ಕಮ್ಮನ ದನದ ದೊಡ್ಡಿಯಲ್ಲಿ ಅವರೊಂದು ವಿಚಿತ್ರ ಕಂಡರು. ಲಸಿಕೆ ಹಾಕಲು ದನಗಳನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದಾಗ ಕೆಲವು ಸುಮ್ಮನಾಗುತ್ತಿದ್ದವು. ಯಾರಾದರೂ ಅಪ್ಪಿಕೊಂಡರೆ ತಡೆಯಲಾರದೆ ಒದ್ದಾಡುತ್ತಿದ್ದ ಹುಡುಗಿ ತಾನೇ ಆ ಹಲಗೆಗಳ ನಡುವೆ ನಿಂತಳು, ಹಾಯೆನಿಸಿತು. 18ರ ವಯಸ್ಸಿನಲ್ಲಿ ತನಗಾಗಿ ಅಂಥದೇ ಯಂತ್ರ ಕಟ್ಟಿಕೊಂಡಳು. ಮೃದುವಾಗಿ ಸವರುವ ಸ್ಪರ್ಶ ಕೆರಳಿಸುವ ಕಡೆಯೂ ಗಟ್ಟಿಯಾದ, ಸಮನಾದ ಒತ್ತಡ ತಣಿಸಬಲ್ಲದು ಎಂದು ಗ್ರಾಂಡಿನ್ 1992ರಲ್ಲಿ ಪ್ರಬಂಧ ಬರೆದರು. ಭಾರದ ಹೊದಿಕೆ ಮಾರುವವರು ಈ ಕತೆಯನ್ನು ಸಂತೋಷದಿಂದ ಹೇಳುತ್ತಾರೆ. ಯಂತ್ರದ ಹಿಡಿ ಗ್ರಾಂಡಿನ್ ಕೈಯಲ್ಲೇ ಇತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ನಿರ್ಧರಿಸುತ್ತಿದ್ದವರು ಅವರು. ತೂಬಿನ ಮೇಲೆ ಅವರದೇ ಕೈ.

ಹೊದಿಕೆಯನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದ್ದಾರೆ. ಆಟಿಸಂ ಮತ್ತು ನಿದ್ರೆಯ ತೊಂದರೆ ಎರಡೂ ಇದ್ದ 67 ಮಕ್ಕಳು ಸುಮಾರು ಎರಡು ವಾರ ಭಾರದ ಹೊದಿಕೆಯಲ್ಲೂ ಎರಡು ವಾರ ಅದೇ ರೀತಿ ಕಾಣುವ ಹಗುರ ಹೊದಿಕೆಯಲ್ಲೂ ಮಲಗಿದರು. 2014ರ ವರದಿಯ ಪ್ರಕಾರ ನಿದ್ರೆ ಒಂದಿಷ್ಟೂ ಹೆಚ್ಚಲಿಲ್ಲ. ತಮಾಷೆಯೆಂದರೆ ಮಕ್ಕಳಿಗೂ ಹೆತ್ತವರಿಗೂ ಭಾರದ್ದೇ ಹೆಚ್ಚು ಇಷ್ಟವಾಯಿತು. ಇಷ್ಟವಾಗುವುದೂ ಒಂದು ಲಾಭವೇ, ನಿದ್ರೆಯ ಔಷಧಿ ಎಂದು ಮಾರದಿದ್ದರೆ. ಆದರೆ ತಾನಾಗಿ ಎತ್ತಿ ಹೊರಬರಲಾರದ ಮಗುವಿನ ಮೇಲೆ ಅದನ್ನು ಹೊದಿಸಲೇಬಾರದು. 2008ರಲ್ಲಿ ಕೆನಡಾದ ಕ್ವಿಬೆಕ್‌ನ ಶಾಲೆಯೊಂದರಲ್ಲಿ ಇಂಥ ಹೊದಿಕೆಯಲ್ಲಿ ಸುತ್ತಿದ್ದ 9 ವರ್ಷದ ಹುಡುಗ ಸತ್ತುಹೋದ.

ಪಾಪ್‌ಇಟ್‌ನ ಜಾತಕ ಇನ್ನೂ ಸ್ವಾರಸ್ಯ. ಅದು ಚಿಕಿತ್ಸೆಗೆಂದು ಹುಟ್ಟಿದ್ದೇ ಅಲ್ಲ. 1970ರ ದಶಕದಲ್ಲಿ ಇಸ್ರೇಲಿನ ಥಿಯೋ ಮತ್ತು ಓರಾ ಕಾಸ್ಟರ್ ದಂಪತಿ ರೂಪಿಸಿದ್ದು ಅದನ್ನು. ಕೊನೆಯ ಗುಳ್ಳೆ ಒತ್ತಿದವರು ಸೋತಂತೆ ಎಂಬ ಲೆಕ್ಕಾಚಾರದ ಆಟವಾಗಿ ಅದು ಮಾರುಕಟ್ಟೆಗೆ ಬಂತು. ಕೋವಿಡ್ ಕಾಲದಲ್ಲಿ ಸಾಮಾಜಿಕ ಜಾಲತಾಣದ ವಿಡಿಯೋಗಳು ಅದನ್ನು ಸೆನ್ಸರಿ ಆಟಿಕೆ ಮಾಡಿಬಿಟ್ಟವು. 2017ರ ಹುಚ್ಚಾಗಿದ್ದ ಸ್ಪಿನ್ನರನ್ನು ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇರುವ ಪುಟ್ಟ ಮಕ್ಕಳ ತರಗತಿಯಲ್ಲಿ ಪರೀಕ್ಷಿಸಿದಾಗ ಅವರ ಗಮನ ಕೆಟ್ಟಿತು. ಕಾರಣ ಊಹಿಸಬಹುದು: ತಿರುಗುವುದನ್ನು ಕಣ್ಣು ನೋಡದೆ ಬಿಡದು. ಗಮನಕ್ಕೆ ನೆರವಾಗಬೇಕಾದ ವಸ್ತು ಕೈಗಷ್ಟೇ ಕೆಲಸ ಕೊಡಬೇಕು, ಕಣ್ಣನ್ನು ಪಾಠಕ್ಕೆ ಬಿಡಬೇಕು. ಆ ಲೆಕ್ಕದಲ್ಲಿ ಜೇಬಿನೊಳಗೆ ಹಿಸುಕುವ ಮೆತ್ತನೆ ಚೆಂಡೇ ಮೇಲು.

ಹಾಗಾದರೆ ಕೊಳ್ಳುವುದೇನನ್ನು? ಮೊದಲ ವಾರ ಏನನ್ನೂ ಕೊಳ್ಳದೆ ನೋಡುವುದು ಒಳ್ಳೆಯದು. ಮಗು ತಾನಾಗಿ ಹುಡುಕಿಕೊಂಡು ಹೋಗುವುದು ಯಾವುದನ್ನು, ಓಡಿಹೋಗುವುದು ಯಾವುದರಿಂದ, ಯಾವ ಹೊತ್ತಿನಲ್ಲಿ. ದಿಂಬುಗಳ ಅಡಿ ನುಸುಳುವ, ಗೋಡೆಗೆ ಒರಗಿ ತಳ್ಳುವ ಮಗುವಿಗೆ ಬೇಕಿರುವುದು ಸ್ನಾಯುಗಳಿಗೆ ಕೆಲಸ. ಥೆರಪಿಸ್ಟರು ಅದನ್ನು "ಹೆವಿ ವರ್ಕ್" ಎನ್ನುತ್ತಾರೆ. ಚಪಾತಿ ಹಿಟ್ಟು ನಾದುವುದು, ಅರ್ಧ ಬಕೆಟ್ ನೀರು ಹೊತ್ತು ಗಿಡಕ್ಕೆ ಹಾಕುವುದು, ಅಕ್ಕಿಯ ಚೀಲ ಎಳೆಯುವುದು ಆ ಗದ್ದೆಗೆ ನೀರು ಹಾಯಿಸುತ್ತವೆ, ದುಡ್ಡೂ ಬೇಡ. ಉಯ್ಯಾಲೆಯಲ್ಲೂ ವ್ಯತ್ಯಾಸವಿದೆ: ಹಿಂದೆ ಮುಂದೆ ನಿಧಾನ ತೂಗುವುದು ಸಾಮಾನ್ಯವಾಗಿ ತಣಿಸುತ್ತದೆ, ಸುತ್ತಿಸುವುದು ಎಬ್ಬಿಸುತ್ತದೆ. ಮಲಗುವ ಮುನ್ನ ಗಿರಗಿರ ಸುತ್ತಿಸಿ, ಮಗು ಮಲಗುತ್ತಿಲ್ಲ ಎಂದು ದೂರುವವರು ಇದ್ದಾರೆ. ಅಂಟಂಟಾದದ್ದು ಆಗದ ಮಗುವಿನ ಕೈಯನ್ನು ಸ್ಲೈಮಿಗೆ ಅದ್ದಿಸಿ "ಅಭ್ಯಾಸ" ಮಾಡಿಸುವುದು ಬೇಡ. ಒಣ ರಾಗಿ, ಒಣ ಮರಳು ಪಕ್ಕದಲ್ಲಿರಲಿ, ಚಮಚವೂ ಇರಲಿ, ಮುಟ್ಟುವ ತೀರ್ಮಾನ ಮಗುವಿನದು. ಸದ್ದು ಆಗದವರಿಗೆ ಆಟಿಕೆಗಿಂತ ಕಿವಿ ಮುಚ್ಚುವ ಇಯರ್‌ಮಫ್ ಲೇಸು. ಗುಂಡಿ ಒತ್ತಿದೊಡನೆ ತಾನೇ ಹಾಡಿ ಕುಣಿದು ನಿಲ್ಲಿಸಲು ಬಿಡದ ವಸ್ತುಗಳ ಬಗ್ಗೆ ಹೇಳುವುದಕ್ಕೆ ಒಳ್ಳೆಯದೇನಿಲ್ಲ.

ಅಂಗಡಿಯಿಂದಲೇ ತರುವುದಾದರೆ ಮೊದಲು ಗುರುತು ನೋಡಿ: ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಸೂಚಿಕೆ ಪಡೆದ ಕರಕುಶಲ ಆಟಿಕೆಗಳಿಗೆ, ಅಂದರೆ ನಮ್ಮ ಚನ್ನಪಟ್ಟಣದವುಗಳಿಗೂ, ವಿನಾಯಿತಿಯಿದೆ. ಅರಗಿನ ಮೆರುಗಿನ ಆ ನುಣುಪು ಅನೇಕ ಮಕ್ಕಳ ಕೈಗೆ ಹಿತ. ಬಾಯಿಗೆ ಹಾಕುವ ಮಗುವಾದರೆ ಸಣ್ಣ ಬಿಡಿಭಾಗಗಳನ್ನು ನೋಡಿ ಕೊಡಬೇಕು. ಮಿನುಗುವ ಆಟಿಕೆಗಳಲ್ಲಿ ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಿ. ಗಂಟಲಲ್ಲಿ ಸಿಕ್ಕಿದ ಬ್ಯಾಟರಿ ಎರಡು ಗಂಟೆಯಲ್ಲೇ ಅನ್ನನಾಳ ಸುಡಬಲ್ಲದು.

ಎಲ್ಲಕ್ಕಿಂತ ಮೋಸದ್ದು ವಾಟರ್ ಬೀಡ್ಸ್, ನೀರಲ್ಲಿ ಉಬ್ಬುವ ಬಣ್ಣದ ಜೆಲ್ಲಿ ಗುಂಡುಗಳು. ನೋಡಲು ಚೆಂದ, ಮುಟ್ಟಲು ತಂಪು, ಸೆನ್ಸರಿ ತಟ್ಟೆಗಳ ರಾಣಿ. ಹೂದಾನಿಯ ಅಲಂಕಾರಕ್ಕೆಂದು ಮಾರಿದಾಗ ಆಟಿಕೆಯ ಗುರುತು ಕೇಳುವವರೂ ಇಲ್ಲ. ಒಣಗಿದಾಗ ಸಾಸಿವೆಯಷ್ಟಿರುವ ಗುಂಡು ಹೊಟ್ಟೆಯೊಳಗೆ ನೀರು ಹೀರಿ ಗೋಲಿಯಷ್ಟಾಗಿ ಕರುಳನ್ನು ಕಟ್ಟುತ್ತದೆ. ಅಮೆರಿಕದಲ್ಲಿ ಹತ್ತು ತಿಂಗಳ ಕೂಸೊಂದು ಸತ್ತ ನಂತರ 2023ರಲ್ಲಿ ಒಂದು ಕಂಪನಿಯ ಕಿಟ್‌ಗಳನ್ನು ವಾಪಸು ಪಡೆಯಲಾಯಿತು. ವರ್ಷಾಂತ್ಯಕ್ಕೆ ಅಲ್ಲಿನ ದೊಡ್ಡ ಮಳಿಗೆಗಳು ಮಕ್ಕಳಿಗೆಂದು ಅವನ್ನು ಮಾರುವುದನ್ನೇ ನಿಲ್ಲಿಸಿದವು. ಈ ಗುಂಡುಗಳು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮಗು ವಾಂತಿ ಮಾಡುತ್ತಿದ್ದು, ಮನೆಯಲ್ಲಿ ಅವು ಇದ್ದರೆ, ಡಾಕ್ಟರು ಕೇಳುವ ಮುಂಚೆಯೇ ಹೇಳಬೇಕು.